ಕಾರಿನ ಹಿಂದಿನ ಶಾಕ್: ರಿಪೇರಿಯದೋ, ಆಯಿಲಿನದೋ, ಗ್ಯಾಸಿನದೋ?

ನಮ್ಮ ಕಾರಿನ ಹಿಂದಿನ ಸೀಟು ಅಮ್ಮನ ಜಾಗ. ಹಾಗಾಗಿ ಹಿಂದಿನ ಶಾಕ್ (ಕಾರಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಹೋಗಿದೆ ಅಂತ ನನಗಿಂತ ಮೊದಲು ಗೊತ್ತಾಗಿದ್ದು ಅವರಿಗೇ. "ಇದೇನ್ಲಾ ಮಗ, ಎತ್ತಿನ ಗಾಡೀಲಿ ಕೂತಂಗೈತೆ" ಅಂದರು. ಮಂಡ್ಯದಿಂದ ಮೇಲುಕೋಟೆಗೆ ಹೊರಟಿದ್ದೆವು. ಒಂದು ಹಂಪ್ ಹತ್ತಿ ಇಳಿದರೆ ಕಾರಿನ ಹಿಂಭಾಗ ಮೂರು ಸಲ ಕುಣಿಯುತ್ತಿತ್ತು. ಬಗ್ಗಿ ನೋಡಿದರೆ ಎಡಗಡೆ ಶಾಕಿನ ಮೈಯೆಲ್ಲ ಎಣ್ಣೆ, ಅದರ ಮೇಲೆ ಧೂಳು ಮೆತ್ತಿಕೊಂಡಿತ್ತು.

ನನ್ನದು ಹಳೇ ಸ್ವಿಫ್ಟ್. ದುಡ್ಡು ಉಳಿಸೋಣ ಅಂತ ಮೊದಲು ರೀಕಂಡಿಷನ್ ಮಾಡಿದ, ಅಂದರೆ ಹಳೆಯದನ್ನೇ ರಿಪೇರಿ ಮಾಡಿದ ಜೋಡಿ ಹಾಕಿಸಿದೆ. ಹೊಸದರ ಅರ್ಧ ಬೆಲೆಯೂ ಇರಲಿಲ್ಲ. ಕಬ್ಬು ಕಡಿಯುವ ಹೊತ್ತಿಗೆ ಮತ್ತೆ ಸೋರಿತು. ಶಾಕಿನ ಒಳಗೆ ಹೊರಗೆ ಓಡಾಡುವ ರಾಡೇ ಸವೆದಿರುವಾಗ, ಎಣ್ಣೆ ಸೋರದಂತೆ ತಡೆಯುವ ಸೀಲ್ ಮಾತ್ರ ಹೊಸದು ಹಾಕಿದರೆ ಎಷ್ಟು ದಿನ ತಡೆದೀತು? ಆ ಕಥೆ ಅಲ್ಲಿಗೆ ಬಿಡಿ.

ಆಮೇಲೆ ಹೊಸ ಗ್ಯಾಸ್ ಶಾಕ್ ಹಾಕಿಸಿದೆ. ಅದೇ ತಿಂಗಳು ನಮ್ಮ ಭಾವ ತಮ್ಮ ಸ್ವಿಫ್ಟಿಗೆ ಸಾದಾ ಆಯಿಲ್ ಶಾಕ್ ಹಾಕಿಸಿದರು. ಎಣ್ಣೆ ಎರಡರಲ್ಲೂ ಇರುತ್ತದೆ. ಓಡುವಾಗ ಅದು ನೊರೆಯಾಗದಿರಲಿ ಅಂತ ಗ್ಯಾಸಿನದರಲ್ಲಿ ನೈಟ್ರೋಜನ್ ಒತ್ತಿ ತುಂಬಿರುತ್ತಾರೆ, ಅಷ್ಟೇ. ಒಂದು ಭಾನುವಾರ ಟೈರಿಗೆ ಒಂದೇ ಗಾಳಿ ಹಿಡಿಸಿ, ಎರಡೂ ಕಾರನ್ನು ಒಂದೇ ದಾರಿಯಲ್ಲಿ ಓಡಿಸಿದೆ.

ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಗ್ಯಾಸಿನದೇ ಮೇಲು. 90ರಲ್ಲಿ ಲೇನ್ ಬದಲಿಸಿದರೆ ಹಿಂಭಾಗ ಅಲ್ಲೇ ಕೂರುತ್ತದೆ. ಭಾವನ ಕಾರು ಒಮ್ಮೆ ತೂಗಿ ಆಮೇಲೆ ಸುಮ್ಮನಾಗುತ್ತದೆ. ನಾಲೆ ಏರಿಯ ಗುಂಡಿ ರಸ್ತೆಯಲ್ಲಿ ಲೆಕ್ಕ ತಿರುಗಿತು. ಒಬ್ಬನೇ ಹೋದರೆ ನನ್ನ ಕಾರು ಪ್ರತಿ ಹಂಪಿಗೂ ಧಡ್ ಅನ್ನುತ್ತದೆ, ಆಯಿಲಿನದು ಮೆತ್ತಗೆ ಇಳಿಯುತ್ತದೆ. ಆದರೆ ಅರ್ಧ ಗಂಟೆ ಅಂಥ ರಸ್ತೆಯಲ್ಲೇ ಓಡಿಸಿದ ಮೇಲೆ ಆಯಿಲಿನದು ಸ್ವಲ್ಪ ಸಡಿಲ ಬಿದ್ದಂತೆ ಅನ್ನಿಸಿತು. ನಾಲ್ಕು ಜನ, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇದ್ದಾಗ ಗ್ಯಾಸಿನದರಲ್ಲಿ ಕುಣಿತ ಕಡಿಮೆ. ಹಿಂಭಾಗ ತಗ್ಗುವುದು ಮಾತ್ರ ಎರಡರಲ್ಲೂ ಅಷ್ಟೇ. ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಲ್ಲ. ಕಾರು ತಗ್ಗುತ್ತೆ ಅಂತ ಶಾಕ್ ಬದಲಿಸುವವರು ಸುಮ್ನೆ ದುಡ್ಡು ಕಳೆಯುತ್ತಾರೆ.

ಈ ಕಾರಿನಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಆದ್ದರಿಂದ ಹಾಕುವುದು ದೊಡ್ಡ ಕೆಲಸವಲ್ಲ. ಆಕ್ಸಲ್ ಕೆಳಗೆ ಜಾಕ್ ಕೊಟ್ಟಿರಬೇಕು, ಇಲ್ಲದಿದ್ದರೆ ಶಾಕ್ ಬಿಚ್ಚಿದ ಕೂಡಲೇ ಆಕ್ಸಲ್ ಜೋತುಬಿದ್ದು ಸ್ಪ್ರಿಂಗ್ ಜಾರಬಹುದು. ಗ್ಯಾಸಿನದಕ್ಕೆ ಕಟ್ಟಿದ ಪಟ್ಟಿ ಕತ್ತರಿಸಿದರೆ ರಾಡ್ ತಾನೇ ಮೇಲೇಳುತ್ತದೆ. ಆಯಿಲಿನದನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಒತ್ತಿ ಎಳೆದು, ಒಳಗಿನ ಗಾಳಿ ತೆಗೆದೇ ಹಾಕಬೇಕು. ಹೊಳೆಯುವ ರಾಡನ್ನು ಇಕ್ಕಳದಲ್ಲಿ ಹಿಡಿಯಲು ಬಿಡಲೇಬೇಡಿ. ಗೀರು ಬಿದ್ದರೆ ಸೀಲ್ ಹೋಯಿತು ಅಂತಲೇ ಲೆಕ್ಕ.

ನನ್ನ ಕಾರಿನಲ್ಲಿ ಎರಡು ದಿನಕ್ಕೇ ಕಿರ್ರ್ ಅನ್ನೋಕೆ ಶುರುವಾಯಿತು. ಗ್ಯಾಸ್ ಶಾಕನ್ನೇ ಬೈದುಕೊಂಡೆ. ಆಮೇಲೆ ನೋಡಿದರೆ ಮೆಕ್ಯಾನಿಕ್ ಹುಡುಗ ಚಕ್ರ ನೇತಾಡುವಾಗಲೇ ಶಾಕಿನ ಕೆಳಗಿನ ಬೋಲ್ಟ್ ಬಿಗಿ ಮಾಡಿಬಿಟ್ಟಿದ್ದ. ಕಾರು ಇಳಿದಾಗ ಬೋಲ್ಟ್ ಸುತ್ತಲಿನ ರಬ್ಬರ್ ಬುಷ್ ತಿರುಚಿಕೊಂಡಿತ್ತು. ಸಡಿಲಿಸಿ, ಚಕ್ರ ನೆಲದ ಮೇಲಿದ್ದಾಗ ಬಿಗಿ ಮಾಡಿದ ಮೇಲೆ ಸದ್ದು ನಿಂತಿತು.

ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗುವ ನನಗೆ ಗ್ಯಾಸಿನದೇ ಸರಿ. ಅಮ್ಮ ಮಾತ್ರ "ಭಾವನ ಕಾರೇ ವಾಸಿ ಕಣ್ಲಾ" ಅನ್ನುತ್ತಾರೆ. ಮೇಲುಕೋಟೆಗೆ ಈಗ ಅದರಲ್ಲೇ ಹೋಗುವುದು.