ಮನೆಗೂ ಕಾಡಿಗೂ ಒಂದೇ ರಿವಾಲ್ವರ್: .357 ಮ್ಯಾಗ್ನಮ್ ಜೊತೆ ಕೆಲವು ವರ್ಷ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಮನೆಗೂ ಬೇಕು, ಕಾಡಿಗೂ ಬೇಕು, ಆದರೆ ಎರಡೆರಡು ಗನ್ ಇಟ್ಟುಕೊಳ್ಳಲು ಮನಸ್ಸಿಲ್ಲ ಅನ್ನುವವರಿಗೆ .357 ಮ್ಯಾಗ್ನಮ್ ಗುಂಡಿನ ರಿವಾಲ್ವರ್ ಒಳ್ಳೆಯ ಆಯ್ಕೆ. ನನ್ನ ಲೆಕ್ಕದಲ್ಲಿ 5ಕ್ಕೆ 4 ಅಂಕ. ಆ ಒಂದು ಅಂಕ ಹೋಗಿದ್ದು ಗುಂಡಿನ ರೇಟಿಗೆ ಮತ್ತು ಸದ್ದಿಗೆ.

ನಾನಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನಿಂದ ಪೂರ್ವಕ್ಕೆ. ಕಾರು ಹತ್ತಿದರೆ ಸ್ವಲ್ಪ ಹೊತ್ತಿಗೆ ಕ್ಯಾಸ್ಕೇಡ್ ಬೆಟ್ಟಗಳ ಕಾಡು ಶುರು. ಕಪ್ಪು ಕರಡಿ ಬಂದು ಕಸದ ಡಬ್ಬ ಉರುಳಿಸುವುದು ಈ ಕಡೆ ಸುದ್ದಿಯೇ ಅಲ್ಲ. 2018ರ ಮೇ ತಿಂಗಳಲ್ಲಿ ನಾರ್ತ್ ಬೆಂಡ್ ಹತ್ತಿರ ಕೂಗರ್ (ಚಿರತೆಯಷ್ಟು ದೊಡ್ಡ ಕಾಡುಬೆಕ್ಕು) ಒಂದು ಸೈಕಲ್ ಸವಾರನನ್ನು ಕೊಂದಿತ್ತು. ಇಂಥದ್ದು ತೀರಾ ಅಪರೂಪ, ಆದರೆ ಅದಾದ ಮೇಲೆ ಇಲ್ಲಿ ಬೆಟ್ಟ ಹತ್ತುವವರೆಲ್ಲ ಈ ವಿಷಯ ಮಾತಾಡತೊಡಗಿದರು.

ಇದು ಕ್ಯಾಲಿಬರ್, ಅಂದರೆ ಗುಂಡಿನ ಅಳತೆಯ ವಿಮರ್ಶೆ, ಕಂಪನಿಯದ್ದಲ್ಲ. ನನ್ನ ಹತ್ತಿರ ಇರುವುದು ಸುಮಾರು 4 ಇಂಚು ಬ್ಯಾರಲ್‌ನ, ಆರು ಗುಂಡು ಹಿಡಿಯುವ ಸ್ಟೇನ್‌ಲೆಸ್ ರಿವಾಲ್ವರ್. ತೂಕ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ. ಇದೇ ಅಳತೆಯ .357 ರೂಗರ್, ಸ್ಮಿತ್ ಅಂಡ್ ವೆಸನ್, ಕೋಲ್ಟ್ ಮೂರರಲ್ಲೂ ಸಿಗುತ್ತದೆ.

ಕ್ಯಾಲಿಬರ್ ಅಂದಕೂಡಲೇ ಎಲ್ಲರೂ ಕೇಳುವುದು "ಎಷ್ಟು ಪವರ್?" ಅಂತ. ಎರಡು ಕೆಲಸಕ್ಕೆ ಒಂದೇ ಗನ್ ಬೇಕಾದರೆ ಕೇಳಬೇಕಾದ್ದು ಅದರ ಉಲ್ಟಾ: ಇದು ಎಷ್ಟು ಮೆತ್ತಗಾಗಬಲ್ಲದು? ಸಿಮ್‌ಗೆ ಇಳಿಸಲು ಬರದ ಒಲೆಯಲ್ಲಿ ದಿನಾ ಅಡುಗೆ ಮಾಡಲು ಆಗುತ್ತದಾ? .357 ಗೆಲ್ಲುವುದು ಇಲ್ಲೇ. ಇದರಲ್ಲಿ .38 ಸ್ಪೆಷಲ್ ಗುಂಡನ್ನೂ ಹಾಕಿ ಹೊಡೆಯಬಹುದು. ಹೆಸರು ಬೇರೆ ಬೇರೆ, ಆದರೆ ಎರಡರ ಗುಂಡಿನ ದಪ್ಪ ಒಂದೇ, 0.357 ಇಂಚು. 1935ರಲ್ಲಿ .357 ಬಂದಾಗ .38ರ ಕೇಸನ್ನೇ (ಮದ್ದು ತುಂಬುವ ಲೋಹದ ಕೊಳವೆ) ಸುಮಾರು 3 ಮಿ.ಮೀ. ಉದ್ದ ಮಾಡಿದರು. ಹಳೆಯ .38 ರಿವಾಲ್ವರ್‌ಗೆ ಯಾರೂ ತಪ್ಪಿ ಈ ಜೋರಿನ ಗುಂಡು ತುರುಕಬಾರದು ಅಂತ.

ಹಾಗಾಗಿ ನಮ್ಮ ಮನೆಯಲ್ಲಿ ಎರಡು ಡಬ್ಬ. ಮನೆಗೆ 135 ಗ್ರೇನ್‌ನ .38 ಸ್ಪೆಷಲ್ ಪ್ಲಸ್-ಪಿ (ಮಾಮೂಲಿಗಿಂತ ಸ್ವಲ್ಪ ಜೋರಿನದು) ಹಾಲೋ ಪಾಯಿಂಟ್, ಅಂದರೆ ಮೂತಿಯಲ್ಲಿ ತೂತಿರುವ ಗುಂಡು. ಕಾಡಿಗೆ 180 ಗ್ರೇನ್, ಅಂದರೆ ಸುಮಾರು 11.7 ಗ್ರಾಂ ತೂಕದ, ಚಪ್ಪಟೆ ಮೂತಿಯ ಗಟ್ಟಿ ಸೀಸದ .357. ಹಾಲೋ ಪಾಯಿಂಟ್ ಒಳಗೆ ಹೋಗಿ ಅರಳಿ ನಿಲ್ಲಬೇಕು. ಗಟ್ಟಿ ಸೀಸದ್ದು ಅರಳಬಾರದು. ಕೊಬ್ಬು, ಮೂಳೆ ಎಲ್ಲ ದಾಟಿ ಆಳಕ್ಕೆ ಹೋಗಬೇಕು. ಎರಡು ಕೆಲಸ ಒಂದಕ್ಕೊಂದು ವಿರುದ್ಧ. "ಎರಡಕ್ಕೂ ಒಂದೇ ಗುಂಡು" ಅಂತ ಮಾರುವವರ ಮಾತು ನಂಬಬೇಡಿ.

ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ಈ ಆಟ ಅಷ್ಟು ಸಲೀಸಲ್ಲ. ಗುಂಡಿನ ಜೋರಿನಿಂದಲೇ ಅದರ ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದೆ ಹೋಗಬೇಕು. ಗುಂಡು ತೀರಾ ಮೆತ್ತಗಿದ್ದರೆ ಸಿಕ್ಕಿಕೊಳ್ಳುತ್ತದೆ. ರಿವಾಲ್ವರ್‌ಗೆ ಆ ಚಿಂತೆ ಇಲ್ಲ, ಗುಂಡು ಕೂರುವ ಸಿಲಿಂಡರ್ ತಿರುಗಿಸುವುದು ನಮ್ಮ ಬೆರಳು.

ಹಾಗಂತ ಪಿಸ್ತೂಲಿನವರು ಕಾಡಿಗೆ ಆರಿಸುವ ಜೋರಿನ 10 ಎಂಎಂ ಕೆಟ್ಟದ್ದಲ್ಲ. 1983ರಲ್ಲಿ ಬ್ರೆನ್ ಟೆನ್ ಪಿಸ್ತೂಲಿನ ಜೊತೆ ಬಂದ ಕ್ಯಾಲಿಬರ್ ಅದು. 1986ರಲ್ಲಿ ಮಯಾಮಿಯಲ್ಲಿ ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದ ನಂತರ ಎಫ್‌ಬಿಐ ಅದನ್ನು ಎತ್ತಿಕೊಂಡಿತು. ಜೋರು ಜಾಸ್ತಿಯಾಯಿತು ಅಂತ ಮೆತ್ತಗಿನ ಗುಂಡು ಮಾಡಿಸಿದರು. ಅಷ್ಟೇ ಸಾಕಾದರೆ ಇಷ್ಟುದ್ದದ ಕೇಸು ಯಾಕೆ ಅಂತ ಅದನ್ನೇ ಗಿಡ್ಡ ಮಾಡಿ 1990ರಲ್ಲಿ .40 ಕ್ಯಾಲಿಬರ್ ತಂದರು. ಕೊನೆಗೆ ಎಫ್‌ಬಿಐ ವಾಪಸ್ ಬಂದಿದ್ದು 9 ಎಂಎಂಗೇ. ಈಗ 10 ಎಂಎಂಗೆ ಮತ್ತೆ ಬೇಡಿಕೆ ಬಂದಿದೆ, ಅದೂ ಮುಖ್ಯವಾಗಿ ಕಾಡಿಗೆ. ಗ್ರೀನ್‌ಲ್ಯಾಂಡ್‌ನಲ್ಲಿ ನಾಯಿಗಾಡಿ ಹೊಡೆಯುವ ಡೆನ್ಮಾರ್ಕಿನ ಸಿರಿಯಸ್ ಪಡೆಯವರು ಹಿಮಕರಡಿ ಭಯಕ್ಕೆ 10 ಎಂಎಂನ ಗ್ಲಾಕ್ 20 ಪಿಸ್ತೂಲು ಇಟ್ಟುಕೊಳ್ಳುತ್ತಾರೆ. ಗೆಳೆಯನ ಗ್ಲಾಕ್ 20 ಹೊಡೆದು ನೋಡಿದ್ದೇನೆ. ಚೆನ್ನಾಗಿದೆ, ಆದರೆ ಹಿಡಿ ದಪ್ಪ. ನನ್ನ ಹೆಂಡತಿಯ ಬೆರಳು ಟ್ರಿಗರ್‌ಗೆ ಸರಿಯಾಗಿ ಎಟುಕಲಿಲ್ಲ. ಅವಳು ರಿವಾಲ್ವರ್‌ನಲ್ಲಿ .38 ಹೊಡೆದು, "ಕೈ ನೋಯಲ್ಲ ರೀ, ಇದೇ ಇರ್ಲಿ" ಅಂದಳು. ಮನೆ ಕಾಯುವ ಗನ್ ಇಬ್ಬರಿಗೂ ಬಗ್ಗಬೇಕು ಅಲ್ವಾ?

ಇನ್ನೂ ಜೋರಿನ .44 ಮ್ಯಾಗ್ನಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ರಿಜ್ಲಿ (ದೊಡ್ಡ ಕಂದು ಕರಡಿ) ಇರುವ ಮೊಂಟಾನಾ, ಅಲಾಸ್ಕಾದವರು ಯೋಚಿಸಲಿ. ನಮ್ಮ ಕಡೆಯ ಕಾಡಿನಲ್ಲಿ ಕಪ್ಪು ಕರಡಿಯದ್ದೇ ಮಾತು.

ಇನ್ನು ಮನೆಯ ವಿಷಯ. ಊರಿನ ಇಟ್ಟಿಗೆ ಗೋಡೆ ನೋಡಿ ಬೆಳೆದವರಿಗೆ ಇದು ಬೇಗ ಹೊಳೆಯುವುದಿಲ್ಲ. ಇಲ್ಲಿನ ಒಳಗೋಡೆ ಅಂದರೆ ಮರದ ಚೌಕಟ್ಟಿಗೆ ಎರಡು ಬದಿ ಅರ್ಧ ಇಂಚಿನ ಜಿಪ್ಸಂ ಹಲಗೆ, ಅಷ್ಟೇ. ಮನುಷ್ಯನನ್ನು ನಿಲ್ಲಿಸುವಷ್ಟು ಶಕ್ತಿಯ ಯಾವ ಗುಂಡಾದರೂ ಇಂಥ ಒಂದೆರಡು ಗೋಡೆ ದಾಟಿಯೇ ಹೋಗುತ್ತದೆ. 9 ಎಂಎಂ ಆದರೂ ಅಷ್ಟೇ, .38 ಆದರೂ ಅಷ್ಟೇ. ಹಾಗಾಗಿ ಮಕ್ಕಳ ರೂಮು ಯಾವ ದಿಕ್ಕಿಗಿದೆ, ಪಕ್ಕದ ಮನೆ ಎಲ್ಲಿದೆ ಅನ್ನುವುದು ಕ್ಯಾಲಿಬರ್‌ಗಿಂತ ದೊಡ್ಡ ಪ್ರಶ್ನೆ. ನಾವು ಮೊದಲು ಖರ್ಚು ಮಾಡಿದ್ದು ಬಾಗಿಲಿನ ಚಿಲಕಕ್ಕೆ ಮತ್ತು ಹೊರಗಿನ ಲೈಟಿಗೆ.

ಸದ್ದಿನ ಮಾತೂ ಹೇಳಬೇಕು. ಹೆಚ್ಚುಕಮ್ಮಿ ಎಲ್ಲ ಗನ್‌ಗಳ ಸದ್ದೂ 140 ಡೆಸಿಬಲ್ ದಾಟುತ್ತದೆ, ಕಿವಿಗೆ ಪೆಟ್ಟು ಗ್ಯಾರಂಟಿ. ಅದರಲ್ಲೂ .357 ಮಹಾ ಕೆಟ್ಟದ್ದು. ಮುಚ್ಚಿದ ರೇಂಜಿನಲ್ಲಿ ಒಂದು ಹೊಡೆದರೆ ಪಕ್ಕದ ಲೇನ್‌ನವರು ತಿರುಗಿ ನೋಡುತ್ತಾರೆ. ರಾತ್ರಿ ಮನೆಯೊಳಗೆ ಅದರ ಬೆಂಕಿ ಕಣ್ಣನ್ನೂ ಕುಕ್ಕುತ್ತದೆ. ಮನೆಗೆ .38 ಇಟ್ಟಿದ್ದಕ್ಕೆ ಇದೂ ಕಾರಣ.

ಕಾಡಿನಲ್ಲಿ ಮಾತ್ರ ನನ್ನ ಕೈ ಮೊದಲು ಹೋಗುವುದು ಬೇರ್ ಸ್ಪ್ರೇಗೆ. ಸುಮಾರು 30 ಅಡಿಯವರೆಗೆ ಖಾರದ ಮೋಡ ಎಬ್ಬಿಸುತ್ತದೆ, ಗುರಿ ಚೂರು ಆಚೀಚೆ ಆದರೂ ನಡೆಯುತ್ತದೆ. 2008ರಲ್ಲಿ ಬಂದ ಅಲಾಸ್ಕಾದ ಅಧ್ಯಯನವೊಂದರಲ್ಲಿ ಕಂದು ಕರಡಿಗಳ ಮೇಲೆ ಸ್ಪ್ರೇ 92% ಸಲ ಕೆಲಸ ಮಾಡಿತ್ತು. ರಿವಾಲ್ವರ್ ಅದರ ನಂತರದ್ದು. ಬೆನ್ನಿಗೆ ದೊಡ್ಡ ಬ್ಯಾಗ್ ಹಾಕಿದರೆ ಸೊಂಟದ ಹೋಲ್‌ಸ್ಟರ್ ಬ್ಯಾಗಿನ ಬೆಲ್ಟಿಗೆ ಸಿಕ್ಕಿ ಉಪಯೋಗಕ್ಕೆ ಬರುವುದಿಲ್ಲ. ಎದೆಗೆ ಕಟ್ಟುವ ಹೋಲ್‌ಸ್ಟರ್ ತಗೊಳ್ಳಿ. ಈ ಕಡೆಯ ಮಳೆಗೆ ಸ್ಟೇನ್‌ಲೆಸ್ಸೇ ಸರಿ. ಚರ್ಮದ ಹೋಲ್‌ಸ್ಟರ್ ಮಾತ್ರ ವಾರಗಟ್ಟಲೆ ಒಣಗುವುದಿಲ್ಲ.

ವರ್ಷಗಳು ಕಳೆದಂತೆ ಕಾಣುವ ತೊಂದರೆಗಳೂ ಇವೆ. .38 ತುಂಬಾ ಹೊಡೆದರೆ ಸಿಲಿಂಡರ್ ಒಳಗೆ ಆ ಗಿಡ್ಡ ಕೇಸಿನ ತುದಿ ಬರುವ ಕಡೆ ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ ಉದ್ದದ .357 ಸರಿಯಾಗಿ ಒಳಗೆ ಕೂರುವುದಿಲ್ಲ, ಕೂತರೂ ಖಾಲಿ ಕೇಸು ಅಂಟಿಕೊಳ್ಳುತ್ತದೆ. ಪ್ರತಿ ಸಲ ಹೊಡೆದ ಮೇಲೆ ಹಿತ್ತಾಳೆ ಬ್ರಷ್ ಹಾಕಿ ಉಜ್ಜಲೇಬೇಕು. ಡಬಲ್ ಆಕ್ಷನ್ ಟ್ರಿಗರ್‌ನ (ಒಂದೇ ಎಳೆತಕ್ಕೆ ಹ್ಯಾಮರ್ ಎದ್ದು ಬೀಳುವಂಥದ್ದು) ಎಳೆತ ಉದ್ದ, ಭಾರ. ಖಾಲಿ ಗನ್‌ನಲ್ಲಿ ಅಭ್ಯಾಸ ಮಾಡದಿದ್ದರೆ ಗುರಿ ಕೂರುವುದಿಲ್ಲ. ಆರು ಮುಗಿದ ಮೇಲೆ ತುಂಬಿಸುವುದು ನಿಧಾನ. .38, .357 ಎರಡೂ 9 ಎಂಎಂಗಿಂತ ದುಬಾರಿ. ಕೋವಿಡ್ ಕಾಲದಲ್ಲಂತೂ ಅಂಗಡಿಗಳ ಶೆಲ್ಫು ಖಾಲಿ. ರೇಂಜಿಗೆ ಹೋಗಿ ಬರೀ ಗುಂಡು ಸುರಿಯುವ ಖುಷಿ ಬೇಕಾದರೆ ಸುಮ್ನೆ 9 ಎಂಎಂ ತಗೊಳ್ಳಿ.

ಕಾನೂನಿನ ಬಗ್ಗೆ ಹೊಸದಾಗಿ ಬಂದವರು ಕೇಳುತ್ತಿರುತ್ತಾರೆ. ಎಚ್-1ಬಿಯಲ್ಲಿ ಇರುವವರಿಗೆ ಫೆಡರಲ್ ಕಾನೂನು ಗನ್ ಇಟ್ಟುಕೊಳ್ಳಲು ಬಿಡುವುದಿಲ್ಲ. ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿ ಇವೆ, ವಕೀಲರನ್ನು ಕೇಳದೆ ಕೈಹಾಕಬೇಡಿ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ವಾಷಿಂಗ್ಟನ್‌ನಲ್ಲಿ 2022ರ ಜುಲೈನಿಂದ 10ಕ್ಕಿಂತ ಜಾಸ್ತಿ ಗುಂಡಿನ ಮ್ಯಾಗಜಿನ್ (ಗನ್‌ಗೆ ಗುಂಡು ತುಂಬಿ ಹಾಕುವ ಡಬ್ಬಿ) ಮಾರುವಂತಿಲ್ಲ. ಗ್ಲಾಕ್ 20ರ "15 ಗುಂಡು" ಅನ್ನುವ ಆಸೆ ಇಲ್ಲಿ ಅಲ್ಲಿಗೇ ಮುಗಿಯಿತು. ಮಗು ಕೈಗೆ ಸಿಗುವಂತೆ ಇಟ್ಟು ಏನಾದರೂ ಆದರೆ 2019ರಿಂದ ಅದು ಅಪರಾಧ. ಹಾಸಿಗೆ ಪಕ್ಕ ಗುಂಡಿ ಒತ್ತಿ ತೆಗೆಯುವ ಲಾಕ್‌ಬಾಕ್ಸ್ ಸಾಕು. ಚುನಾವಣೆ ಬಂದಾಗ ತೋಟದ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುತ್ತಿದ್ದ ಮಲೆನಾಡಿನವರಿಗೆ ಇದೆಲ್ಲ ಏನೂ ಅಲ್ಲ ಬಿಡಿ.

ನ್ಯಾಷನಲ್ ಪಾರ್ಕುಗಳಲ್ಲಿ 2010ರಿಂದ ರಾಜ್ಯದ ಕಾನೂನಿನಂತೆ ಗನ್ ಇಟ್ಟುಕೊಳ್ಳಬಹುದು, ಆದರೆ ವಿಸಿಟರ್ ಸೆಂಟರ್ ಒಳಗೆ ತರುವಂತಿಲ್ಲ. ಕೆನಡಾದ ವ್ಯಾಂಕೂವರ್ ಕಡೆ ಹೊರಟಿದ್ದರೆ ಮಾತ್ರ ಗನ್ ಮನೆಯಲ್ಲೇ ಇರಲಿ. ಹೊರಡುವ ಮೊದಲು ಕಾರಿನ ಸೀಟಿನ ಕೆಳಗೆ, ಬ್ಯಾಗಿನ ಜೇಬುಗಳಲ್ಲಿ ಬಿಡಿ ಗುಂಡು ಉಳಿದಿದೆಯಾ ಅಂತ ನೋಡಿಕೊಳ್ಳಿ. ಕೆನಡಾ ಗಡಿಯಲ್ಲಿ ಒಂದೇ ಗುಂಡು ಸಿಕ್ಕರೂ ಇಡೀ ದಿನ ಅಲ್ಲೇ ಕಳೆಯಬೇಕಾದೀತು.