ಹಕ್ಕಿಗೂಡು ಬಿದ್ರೆ ನಾನು ಮಾಡಿದ ಹಾಗೆ ಮಾತ್ರ ಮಾಡ್ಬೇಡಿ

ಇದನ್ನು ಬರೀಲಿಕ್ಕೆ ನಾಚಿಕೆ ಆಗ್ತದೆ. ಆದ್ರೆ ಮಳೆಗಾಲದ ಮೊದಲು ಅಡಿಕೆ ತೋಟಕ್ಕೆ ಮದ್ದು ಬಿಡಿಸುವವರು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆ ಎಲ್ಲರೂ ಇದ್ದೀರಿ, ನಿಮ್ಮಲ್ಲಿಯೂ ಹೀಗಾಗಬಹುದು ಅಂತ ಬರೀತಿದ್ದೇನೆ.

ಮನೆ ರಿಪೇರಿಗೆ ತಂದು ಉಳಿದ ಹಲಸಿನ ಹಲಗೆ ತುಂಡಲ್ಲಿ ಒಂದು ಪೆಟ್ಟಿಗೆ ಮಾಡಿ ದನದ ಹಟ್ಟಿ ಹಿಂದಿನ ಪೇರಳೆ ಮರಕ್ಕೆ ಕಟ್ಟಿದ್ದೆ. ಎರಡು ವರ್ಷ ಒಂದು ಹಕ್ಕಿಯೂ ತಿರುಗಿ ನೋಡ್ಲಿಲ್ಲ. ಈ ಸಲ ಮೇ ತಿಂಗಳಲ್ಲಿ ಮಡಿವಾಳ ಹಕ್ಕಿ ಜೋಡಿ ಬಂದು ಬಿಡಾರ ಹೂಡಿತು (ನೆರೆಮನೆಯವರು ಮಲಯಾಳದಲ್ಲಿ ವಣ್ಣಾತ್ತಿಪ್ಪುಳ್ಳ್ ಅಂತಾರೆ, ಪಾಪ ಎರಡು ಭಾಷೆಯಲ್ಲೂ ಅದಕ್ಕೆ ಬಟ್ಟೆ ಒಗೆಯುವ ಕೆಲಸವೇ). ಹಸಿರುನೀಲಿ ಬಣ್ಣದ, ಕಂದು ಚುಕ್ಕಿಯ ನಾಲ್ಕು ಮೊಟ್ಟೆ. ಹೆಣ್ಣು ಕಾವು ಕೂತರೆ ಗಂಡು ಬೆಳಿಗ್ಗೆ ಐದೂವರೆಗೇ ಕರೆಂಟ್ ವಯರಲ್ಲಿ ಕೂತು ಹಾಡು.

ಮರಿ ಆಗಿ ನಾಲ್ಕೈದು ದಿನ ಆಗಿರ್ಬೇಕು, ಮದ್ದು ಬಿಡುವವರು ಬಂದ್ರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಅದೇ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು ಒಂದು ಕಿಲೋ ಸುಣ್ಣದ್ದು. ಮೊದಲಿನ ಹಾಗೆ ಮರ ಹತ್ತುದಿಲ್ಲ ಈಗ, ಉದ್ದದ ಫೈಬರ್ ದೋಟಿ (ಕೋಲು). ಆ ದೋಟಿ ವಾಲಿ ನೇರ ಪೆಟ್ಟಿಗೆಗೆ ಬಿತ್ತು, ಮುಚ್ಚಳ ಹಾರಿತು, ಗೂಡು ಮರಿಗಳ ಸಮೇತ ಕೆಳಗೆ. ಅವರದ್ದು ತಪ್ಪು ಅಂತ ನಾನು ಹೇಳುದಿಲ್ಲ, ಅಲ್ಲಿ ಹಕ್ಕಿ ಉಂಟು ಅಂತ ಬಾಯಿ ಬಿಟ್ಟು ಹೇಳದೆ ಇದ್ದದ್ದು ನಾನು.

ನಾಲ್ಕೂ ಜೀವ ಇತ್ತು ಮಾರಾಯ್ರೆ, ಅದೇ ಹೊಟ್ಟೆ ಉರಿಯುದು. ಅತ್ತೆ ಹೇಳಿದ್ರು, ಮುಟ್ಬೇಡ, ಮನುಷ್ಯರ ವಾಸನೆ ಬಂದ್ರೆ ತಾಯಿ ಹತ್ರ ಸೇರಿಸುದಿಲ್ಲ ಅಂತ. ನಾನೂ ಚಿಕ್ಕಂದಿನಿಂದ ಕೇಳಿದ್ದು ಅದೇ, ಹಾಗೇ ಬಿಟ್ಟು ದೂರ ನಿಂತೆ. ಅರ್ಧ ಗಂಟೆಯಲ್ಲಿ ಕೆಂಪಿರುವೆ ಮುತ್ತಿ ಒಂದು ಹೋಯ್ತು. ಆಗ ಹೆದರಿ ಮೂರನ್ನೂ ಒಳಗೆ ತಂದು ಮೊಬೈಲಲ್ಲಿ ಹುಡುಕಿದ್ರೆ ಒಂದು ವಿಡಿಯೋದಲ್ಲಿ ಸಕ್ಕರೆ ನೀರು ಕುಡಿಸಿ ಅಂತ ಇತ್ತು, ಲಕ್ಷಗಟ್ಟಲೆ ಜನ ನೋಡಿದ್ದು, ಸರಿ ಇರ್ಬಹುದು ಅಂತ ಒಂದರ ಬಾಯಿಗೆ ಫಿಲ್ಲರಲ್ಲಿ ಎರಡು ಹನಿ ಬಿಟ್ಟೆ, ಮೂಗಲ್ಲಿ ಗುಳ್ಳೆ ಬಂತು, ಕೈಯಲ್ಲೇ ಕುತ್ತಿಗೆ ಹಾಕಿತು.

ಆಮೇಲೆ ಮೃಗಾಸ್ಪತ್ರೆ ಡಾಕ್ಟರಿಗೆ ಫೋನ್ ಮಾಡಿದೆ. ಮೊದಲೇ ಮಾಡ್ಬೇಕಿತ್ತು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುದು, ಮೇಲಿಂದ ನೀರು ಬಿಟ್ರೆ ಸೀದಾ ಶ್ವಾಸಕೋಶಕ್ಕೆ ಅಂತ ಬೈದ್ರು. ಮರಿಗೆ ಬೇಕಾದ ನೀರೆಲ್ಲ ತಾಯಿ ತರುವ ಹುಳದಲ್ಲೇ ಉಂಟಂತೆ. ಹಾಲು, ಅನ್ನ, ಬ್ರೆಡ್ ಯಾವುದೂ ಕೊಡ್ಬಾರ್ದು. ಪುಕ್ಕ ಬಾರದ ಮರಿಗೆ ಮೊದಲು ಬೇಕಾದ್ದು ಬಿಸಿ, ಅದರ ಮೈಯಿಂದ ಅದಕ್ಕೇ ಬಿಸಿ ಹುಟ್ಟಿಸ್ಲಿಕ್ಕೆ ಆಗುದಿಲ್ಲ. ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಗೂಡಿಗೇ ವಾಪಸ್ ಇಡುದು, ಅಷ್ಟೇ. ವಾಸನೆಯ ಕಥೆ ಶುದ್ಧ ಸುಳ್ಳು. ಗೂಡು ಹರಿದು ಹೋಗಿದ್ರೆ ಒಂದು ಸಣ್ಣ ಬುಟ್ಟಿಗೋ ಅಡಿ ತೂತು ಮಾಡಿದ ತೆಂಗಿನ ಗೆರಟೆಗೋ ಒಣಹುಲ್ಲು ಹಾಕಿ ಅದೇ ಜಾಗದಲ್ಲಿ ಕಟ್ಟಿದ್ರೂ ಆಗ್ತದಂತೆ.

ಅದೇ ಜಾಗ ಅಂದದ್ದು ನನ್ನ ತಲೆಗೆ ಹೋಗ್ಲಿಲ್ಲ ನೋಡಿ. ಬುದ್ಧಿವಂತಿಕೆ ಮಾಡಿ ಪೆಟ್ಟಿಗೆ ಸರಿ ಮಾಡಿ ಅಂಗಳದ ಹತ್ತಿರದ ಮಾವಿನ ಮರಕ್ಕೆ ಕಟ್ಟಿದೆ, ಅಲ್ಲಿ ಸೇಫ್ ಅಂತ. ತಾಯಿ ಕೊಕ್ಕಲ್ಲಿ ಹುಳ ಕಚ್ಚಿಕೊಂಡು ಖಾಲಿ ಪೇರಳೆ ಮರಕ್ಕೆ ಬರುದು, ಕೂತು ನೋಡುದು, ಹೋಗುದು, ಪುನಃ ಬರುದು. ಇಪ್ಪತ್ತೈದು ಮೂವತ್ತು ಹೆಜ್ಜೆ ದೂರದಲ್ಲಿ ಮರಿ ಬಾಯಿ ತೆರೆದುಕೊಂಡಿದ್ದದ್ದು ಅದಕ್ಕೆ ಗೊತ್ತಾಗ್ಲೇ ಇಲ್ಲ. ಸಂಜೆ ಹೆಂಡತಿ ನೋಡಿ ಹೇಳಿದ ಮೇಲೆ ವಾಪಸ್ ಕಟ್ಟಿದ್ದು. ಕಟ್ಟಿ ಆದ ಮೇಲಾದ್ರೂ ಸುಮ್ಮನಿರ್ಬೇಕಲ್ಲ, ಹತ್ತು ನಿಮಿಷಕ್ಕೊಮ್ಮೆ ಹೋಗಿ ಇಣುಕಿದೆ, ಅದು ಬಾಲ ಎತ್ತಿ ಚರ್ರ್ ಚರ್ರ್ ಅಂತ ಗದರುದೇ ಹೊರತು ಒಳಗೆ ಹೋಗ್ಲಿಲ್ಲ. ಕೊನೆಗೆ ಹೆಂಡತಿ ನನ್ನನ್ನು ಒಳಗೆ ಎಳೆದು ಬಾಗಿಲು ಹಾಕಿದ್ಲು. ಕಿಟಕಿಯಿಂದ ನೋಡಿದ್ರೆ ಐದು ನಿಮಿಷದಲ್ಲಿ ಪೆಟ್ಟಿಗೆ ಒಳಗೆ! ಬೆಳಿಗ್ಗೆಗೆ ಇನ್ನೊಂದು ತಣ್ಣಗಾಗಿತ್ತು, ಒಂದು ಉಳಿಯಿತು.

ಮಗನಿಗೆ ಅದನ್ನು ಪಂಜರದಲ್ಲಿ ಸಾಕುವ ಆಸೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಕೊಳ್ಳುವಂತಿಲ್ಲ, ತಾಯಿ ತಂದೆ ಎರಡೂ ಕಣ್ಣೆದುರೇ ಇರುವಾಗ ನೀನ್ಯಾಕೆ ಸಾಕುದು ಅಂತ ಹೇಳಿ ಸುಮ್ಮನಾಗಿಸಿದೆ. ಇನ್ನೊಂದು, ಪುಕ್ಕ ಬಂದು ಮೋಟು ಬಾಲದಲ್ಲಿ ನೆಲದಲ್ಲಿ ಕುಪ್ಪಳಿಸುವ ಮರಿ ಕಂಡ್ರೆ ಅದು ಬಿದ್ದದ್ದಲ್ಲ, ಹಾರ್ಲಿಕ್ಕೆ ಕಲಿಯುದು, ಬೆಕ್ಕು ನಾಯಿ ಕಟ್ಟಿ ಹಾಕಿ ಅಷ್ಟೇ. ಬೆಕ್ಕಿನ ಬಾಯಿಗೆ ಸಿಕ್ಕಿದ್ದಾದ್ರೆ ಮಾತ್ರ ಗಾಯ ಕಾಣದಿದ್ರೂ ಡಾಕ್ಟರ ಹತ್ರ ಓಡಿ, ಬೆಕ್ಕಿನ ಹಲ್ಲಿನ ನಂಜು ಹಕ್ಕಿಗೆ ತಡೀಲಿಕ್ಕಿಲ್ಲ, ಆಂಟಿಬಯೋಟಿಕ್ ಬೇಕಾಗ್ತದೆ.

ಉಳಿದದ್ದು ಹತ್ತು ದಿನ ಕಳೆದು ಒಂದು ಜಡಿಮಳೆಯ ಬೆಳಿಗ್ಗೆ ಹಾರಿತು. ಎರಡನೇ ಸಲ ಮದ್ದು ಬಿಡ್ಲಿಕ್ಕೆ ಮೊನ್ನೆ ಅದೇ ದೋಟಿಯವರು ಫೋನ್ ಮಾಡಿದ್ರು. ಎಷ್ಟು ಬ್ಯಾರೆಲ್ ಅಂತ ಕೇಳುವ ಮೊದಲೇ ಕೇಳಿದ್ದು, "ಅಣ್ಣ, ಪೇರಳೆ ಮರದಲ್ಲಿ ಹಕ್ಕಿ ಉಂಟಾ?"