ಎರಡು ವರ್ಷದ ಎಂಪಿಎಚ್: ಹಳ್ಳಿಯ ಪಾಠಕ್ಕೆ ಪೂರ್ಣ ಅಂಕ, ಸಂಶೋಧನೆಗೆ ಅರ್ಧ

ಬಿಡಿಎಸ್ ಮುಗಿಸಿದ ಮೇಲೆ, ಬಯಲುಸೀಮೆಯ ವೈದ್ಯಕೀಯ ಕಾಲೇಜೊಂದರ ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿ ಎರಡು ವರ್ಷ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸು, ಓದಿದವಳು ನಾನು. ಸೇರಬೇಕೆಂದಿರುವವರು ಆಗಾಗ ಕೇಳುತ್ತಿರುವುದರಿಂದ ಅನುಭವವನ್ನು ಬರೆದಿಡುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ. ಇಲ್ಲಿ ಹೇಳುವ ಕೊರತೆ ಅದೊಂದರದ್ದೇ ಎಂದು ನನಗೆ ಅನಿಸುವುದಿಲ್ಲ.

ತರಗತಿಯ ಪಾಠಗಳು ಅಚ್ಚುಕಟ್ಟಾಗಿದ್ದವು. ರೋಗಗಳು ಯಾರಿಗೆ, ಎಲ್ಲಿ, ಏಕೆ ಹರಡುತ್ತವೆಂದು ನೋಡುವ ಎಪಿಡೆಮಿಯಾಲಜಿ ಇಲ್ಲಿಯೂ 1854ರ ಲಂಡನ್ನಿನ ಕಾಲರಾ ಮತ್ತು ರೋಗ ಹರಡುತ್ತಿರುವುದು ಅದರ ನೀರಿನಿಂದಲೇ ಎಂದು ವೈದ್ಯ ಜಾನ್ ಸ್ನೋ ಹಿಡಿ ಕಳಚಿಸಿದ ಪಂಪಿನಿಂದಲೇ ಆರಂಭವಾಯಿತು. ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದರ ಜಾಡು ಹಿಡಿದು, ಉಣುಗಿನಿಂದ ಹರಡುವ ಹೊಸ ವೈರಸ್ಸೊಂದನ್ನು ಗುರುತಿಸಿದ ಕಥೆ ಮಾತ್ರ ಮೂರನೆಯ ಸೆಮಿಸ್ಟರ್‌ವರೆಗೆ ಕಾಯಬೇಕಾಯಿತು. ಸ್ಟ್ಯಾಟಿಸ್ಟಿಕ್ಸ್ ಪಾಠದಲ್ಲಿ ಸಾಫ್ಟ್‌ವೇರಿನ ಯಾವ ಗುಂಡಿ ಒತ್ತಬೇಕೆಂಬುದು ತಿಳಿಯಿತು. ಏಕೆ ಒತ್ತಬೇಕೆಂಬುದು ತಿಳಿದದ್ದು ಹಳ್ಳಿಯಲ್ಲಿ.

ಕೋರ್ಸಿನ ನಿಜವಾದ ಬೆಲೆ ಇರುವುದು ಈ ಕ್ಷೇತ್ರಕಾರ್ಯದಲ್ಲಿಯೇ. ನನ್ನ ಪ್ರಬಂಧದ ವಿಷಯ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವ ತೊಂದರೆ. ನಾನು ಆರಿಸಿಕೊಂಡ ಊರಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿತ್ತು. ಶಾಲೆಯ ಜಗುಲಿಯಲ್ಲಿ, ಬೆಳಗಿನ ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದ ಏಳನೆಯ ತರಗತಿಯ ಮಕ್ಕಳ ಹಲ್ಲುಗಳಲ್ಲಿ ಸುಣ್ಣ ಬಳಿದಂಥ ಗೆರೆಗಳೂ ಕಂದು ಕಲೆಗಳೂ ಕಂಡವು. ಆದರೆ ಅವರು ಕುಡಿಯುತ್ತಿದ್ದ, ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ನೀರು ಪರೀಕ್ಷೆಯಲ್ಲಿ ಚೆನ್ನಾಗಿಯೇ ಇತ್ತು. ನೀರಿಗೂ ಕಲೆಗೂ ಸಂಬಂಧವಿಲ್ಲವೆಂದು ಬರೆದುಕೊಂಡು ಹೋದಾಗ ನಮ್ಮ ಗೈಡ್ ಕೇಳಿದ್ದು ಒಂದೇ ಮಾತು: "ಡಾಕ್ಟ್ರೇ, ಈ ಹಲ್ಲು ಹುಟ್ಟಿದ್ದು ಯಾವಾಗ?" ಹಲ್ಲಿನ ಮೇಲ್ಪದರ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಕುಡಿದ ನೀರಿನ ಗುರುತು ಅದು; ಹನ್ನೆರಡರ ಮಗುವಿನ ಮುಂಬಲ್ಲು ಹೇಳುವುದು ಏಳೆಂಟು ವರ್ಷಕ್ಕೂ ಹಿಂದಿನ ನೀರಿನ ಕಥೆಯನ್ನು. ಘಟಕ ಬಂದು ಇನ್ನೂ ಮೂರು ವರ್ಷವಾಗಿತ್ತಷ್ಟೆ. ದಂತವೈದ್ಯೆಯಾಗಿ ನನಗಿದು ತಿಳಿದಿರಲಿಲ್ಲವೆಂದಲ್ಲ, ಅಂಕಿಗಳ ಪಟ್ಟಿ ಎದುರಿಗಿದ್ದಾಗ ಹೊಳೆದಿರಲಿಲ್ಲ. ಮರುವಾರ ಮನೆಗಳಿಗೆ ಹೋಗಿ ಒಲೆಯ ಪಕ್ಕ ಕುಳಿತು ನೋಡಿದರೆ ಅನ್ನಕ್ಕೂ ಮುದ್ದೆಗೂ ಎಸರಿಡುತ್ತಿದ್ದುದು ಕೊಳವೆಬಾವಿಯ ನೀರಿನಲ್ಲಿಯೇ. ನನ್ನ ಪ್ರಶ್ನಾವಳಿಯಲ್ಲಿ ಕುಡಿಯುವ ನೀರಿನ ಪ್ರಶ್ನೆಯಿತ್ತು, ಅಡುಗೆಯ ನೀರಿನ ಪ್ರಶ್ನೆಯೇ ಇರಲಿಲ್ಲ.

ಇಷ್ಟು ಚೆನ್ನಾಗಿ ಕಲಿಸುವ ವಿಭಾಗ ಸಂಶೋಧನೆಯ ಕೊನೆಯ ಹೆಜ್ಜೆಯಲ್ಲಿ ಎಡವುತ್ತದೆ. ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯ ಮುಂದೆ ಕನ್ನಡದ ಒಪ್ಪಿಗೆ ಪತ್ರವನ್ನು ಮೂರು ಬಾರಿ ತಿದ್ದಿಸಿದರು. ಆದರೆ ಫಲಿತಾಂಶವನ್ನು ಊರಿಗೆ ಹೇಳಿದೆಯಾ ಎಂದು ಯಾರೂ ಕೇಳಲಿಲ್ಲ. ಕೇಳಿದ್ದು ಆ ಊರಿನ ಆಶಾ ಕಾರ್ಯಕರ್ತೆ: "ಹೋದ ಸಲ ಬಂದೋರೂ ಹಲ್ಲು ನೋಡ್ಕೊಂಡು ಹೋದ್ರು ಮೇಡಂ, ಏನಾಯ್ತು ಅಂತ ತಿರುಗಿ ಬಂದು ಹೇಳ್ಲೇ ಇಲ್ಲ." ವಿಭಾಗದ ಕಪಾಟಿನಲ್ಲಿ ಹುಡುಕಿದಾಗ, ಅದೇ ಊರಿನ ಬಗ್ಗೆ ಹಿಂದಿನ ತಂಡದವರೊಬ್ಬರು ಬರೆದ ಪ್ರಬಂಧ ರಟ್ಟು ಕಟ್ಟಿಸಿಕೊಂಡು ಕುಳಿತಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ (ಸಿಎಂಸಿ) ಗ್ರಾಮೀಣ ಆರೋಗ್ಯ ವಿಭಾಗವಾದ ರೂಹ್ಸಾ 1977ರಿಂದ ಕೆ.ವಿ. ಕುಪ್ಪಂ ಎಂಬ ಒಂದೇ ಬ್ಲಾಕಿನಲ್ಲಿ ಬೇರೂರಿ ಕೆಲಸ ಮಾಡುತ್ತ ಬಂದಿದೆ. ಅಂಥ ನೆಲೆ ಇಲ್ಲದಿದ್ದರೆ ವಿದ್ಯಾರ್ಥಿಯ ಸಂಶೋಧನೆ ಬಂದು ಹೋಗುವ ನೆಂಟರಂತಾಗುತ್ತದೆ.

ಹಾಗಾದರೆ ಸೇರಬಹುದೇ? ಜಿಲ್ಲಾ ಆರೋಗ್ಯ ಕಚೇರಿಯಲ್ಲೋ ಸ್ವಯಂಸೇವಾ ಸಂಸ್ಥೆಯಲ್ಲೋ ಕೆಲಸ ಮಾಡುವ ಮನಸ್ಸಿದ್ದವರಿಗೆ ಧಾರಾಳವಾಗಿ ಹೇಳುತ್ತೇನೆ, ಸೇರಿ. ಪಿಎಚ್‌ಡಿಯ ಕಡೆ ಕಣ್ಣಿಟ್ಟವರು ಸ್ಟ್ಯಾಟಿಸ್ಟಿಕ್ಸನ್ನು ಬೇರೆಡೆ ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ಯಾವ ಕಾಲೇಜಾದರೂ ಶುಲ್ಕ ಕಟ್ಟುವ ಮೊದಲು ಹಿಂದಿನ ಪ್ರಬಂಧಗಳ ಕಪಾಟು ತೆರೆಸಿ, ಎರಡನ್ನು ಕೈಗೆತ್ತಿಕೊಂಡು, ಆ ಊರುಗಳಿಗೆ ಇದನ್ನು ಹೇಳಿದ್ದಾರೆಯೇ ಎಂದು ವಿಚಾರಿಸಿ. ನಾನು ಒಂದು ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಅಡುಗೆಗೂ ಘಟಕದ ನೀರನ್ನೇ ಬಳಸಿ ಎಂಬ ಸಾಲಿಗೆ ಅಡಿಗೆರೆ ಎಳೆದು, ನಾಣ್ಯ ಹಾಕುವ ಪೆಟ್ಟಿಗೆಯ ಮೇಲೆ ಅಂಟಿಸಿ ಬಂದೆ. ಅದನ್ನು ಓದಿದ ಒಬ್ಬಾಕೆ, ಹಾಗಾದರೆ ದಿನಕ್ಕೆ ಎರಡು ಕ್ಯಾನು ಹೊರುವವರು ಯಾರು ಎಂದು ಕೇಳಿದರು. ಆ ಪ್ರಶ್ನೆಯನ್ನೂ ಪ್ರಬಂಧದ ಕೊನೆಯ ಅಧ್ಯಾಯಕ್ಕೆ ಸೇರಿಸಿದೆ.